ನೆಲಬಾಂಬಿನ ಕಾಡಲ್ಲಿ ಬೆಳ್ಳುಳ್ಳಿ ಅಗೆಯುವ ಜರ್ಗಾನ್

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಚೆಚೆನ್ ಗುಡ್ಡಗಾಡಿನ ಏಗಿ-ಯುರ್ತ್ ಊರಿನ ಮೇಲಿನ ಕಾಡಿನಲ್ಲಿ ಹಿಮ ಅಲ್ಲಲ್ಲಿ ಹರಿದುಹೋಗಿ, ಕೆಳಗಿನ ಕೊಳೆತ ಎಲೆಗಳ ಕಪ್ಪು ಇಣುಕುತ್ತಿದೆ. ಜರ್ಗಾನ್ ಗೋಣಿಚೀಲದ ತುಂಡೊಂದನ್ನು ಹಾಸಿಕೊಂಡು ಅದರ ಮೇಲೆ ಮೊಣಕಾಲೂರಿದ್ದಾರೆ. ಬಲಗೈಯಲ್ಲಿ ಗೇಣುದ್ದದ ಗುದ್ದಲಿ. ಎಡಗೈ ಎಲೆಗಳನ್ನು ಒಂದೊಂದಾಗಿ ಸರಿಸುತ್ತದೆ, ಮಲಗಿದ ಮಗುವಿನ ಹೊದಿಕೆ ಸರಿಸಿದ ಹಾಗೆ. ಹಸಿರು ಮೂತಿ ಕಂಡರೂ ತಕ್ಷಣ ಕೈ ಹಾಕುವುದಿಲ್ಲ. ಮೊದಲು ಅದರ ಸುತ್ತಲಿನ ನೆಲ ನೋಡುತ್ತಾರೆ. ಮಣ್ಣು ಎಲ್ಲಾದರೂ ಕುಸಿದಿದೆಯೇ, ತಂತಿಯ ತುದಿ ಎದ್ದಿದೆಯೇ, ತುಕ್ಕಿನ ಬಣ್ಣ ಕಾಣುತ್ತದೆಯೇ. ಏನೂ ಇಲ್ಲವೆಂದು ಖಾತ್ರಿಯಾದ ಮೇಲೆಯೇ ಗುದ್ದಲಿ ನೆಲಕ್ಕಿಳಿಯುವುದು. ಬೇರಿನ ಬುಡದ ಬಿಳಿ ಗಡ್ಡೆಯ ಸಮೇತ ಕಾಡುಬೆಳ್ಳುಳ್ಳಿಯ ಮೊಳಕೆ ಮೇಲೆ ಬರುತ್ತದೆ. ಇಡೀ ಗುಡ್ಡ ಘಮ್ಮೆನ್ನುತ್ತದೆ.

"ಓ ಕೋಕಾ!" ಎಂದು ಕೂಗುತ್ತಾರೆ ಜರ್ಗಾನ್. ಯಾರು ಎಲ್ಲಿದ್ದಾರೆಂದು ಆಗಾಗ ಹೀಗೆ ತಿಳಿದುಕೊಳ್ಳಬೇಕು.

"ಇದ್ದೀನಿ ಕಣೇ, ಸತ್ತಿಲ್ಲ!" ಪೊದೆಯಾಚೆಯಿಂದ ನೆರೆಮನೆಯಾಕೆ ಕೋಕಾ ಅವರ ದನಿ.

"ಸೊಂಟ ಹೆಂಗಿದೆ?"

"ಅದು ಹೋದ ವರ್ಷಾನೇ ಸತ್ತೋಯ್ತು. ಮಣ್ಣು ಮಾಡೋದೊಂದು ಬಾಕಿ."

"ದೊಡ್ಡವರೇ!" ಜರ್ಗಾನ್ ಮತ್ತೆ ಕೂಗುತ್ತಾರೆ. ಮೇಲಿನಿಂದ ಮಾತು ಬರುವುದಿಲ್ಲ. ಮರದ ಕಾಂಡಕ್ಕೆ ಕೋಲು ಬಡಿದ ಸದ್ದು ಬರುತ್ತದೆ. ಅದು ಗಂಡನ ಅಣ್ಣ ಜಕ್ರಿ. ಮನೆಯ ಹಿರಿಯರಾಗಿ ಎಲ್ಲರಿಗಿಂತ ಮುಂದೆ ನಡೆಯುವವರು ಅವರೇ. ಜರ್ಗಾನ್ ಅವರ ಹೆಸರು ಹೇಳುವುದಿಲ್ಲ. ಚೆಚೆನ್ ಮನೆಗೆ ಬಂದ ಸೊಸೆ ಗಂಡನ ಕಡೆಯವರ ಹೆಸರನ್ನು ಬಾಯಲ್ಲಿ ತರುವುದಿಲ್ಲ, ಅವಳಿಗೆ ಮೊಮ್ಮಕ್ಕಳಾದರೂ.

ಕೊನೆಗೆ ಕೆಳಗಿನ ಇಳಿಜಾರಿನಿಂದ ಟಿಣ್ ಟಿಣ್ ಎಂದು ಒಂದು ಸಣ್ಣ ಗಂಟೆ. ಮೇಕೆಯ ಕೊರಳಿಗೆ ಕಟ್ಟುವ ಗಂಟೆ. ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಅಗೆಯುತ್ತಿರುವವಳು ಜರ್ಗಾನ್ ಅವರ ಸೊಸೆ ಯಾಖಿತಾ. ಕಳೆದ ಶರತ್ಕಾಲದಲ್ಲಿ ಮದುವೆಯಾಗಿ ಬಂದವಳು. ಅವಳು ಕೂಗುವಂತಿಲ್ಲ.

ಜರ್ಗಾನ್ ಗಂಟೆಯ ಸದ್ದು ಕೇಳಿಸಿಕೊಂಡು ತಲೆ ತಗ್ಗಿಸುತ್ತಾರೆ. "ನೋಡಿ, ಇದು ನಮ್ಮ ಮನೆ. ಸೊಸೆ ಎಲ್ಲಿದ್ದಾಳೆ ಅಂತ ತಿಳ್ಕೊಳ್ಳೋಕೆ ಮೇಕೆ ಗಂಟೆ" ಎನ್ನುತ್ತಾರೆ, ಗುದ್ದಲಿ ನಿಲ್ಲಿಸದೆ.

ಜನವರಿಯ ಕೊನೆಯಿಂದ ಎಲೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಈ ಸೀಮೆಯ ಬಡವರ ಬದುಕೆಲ್ಲ ಇದೇ ಗಡ್ಡೆಯ ಸುತ್ತ. ಇಲ್ಲಿನ ಮಾತಿನಲ್ಲಿ ಅದು ಹೊಂಕ. ಬೇಯಿಸಿ, ಬೆಣ್ಣೆಯಲ್ಲಿ ಹುರಿದು, ಮುಸುಕಿನ ಜೋಳದ ರೊಟ್ಟಿಯ ಜೊತೆ ಬಿಸಿಬಿಸಿ ತಿಂದರೆ ಚಳಿಗಾಲ ಹೀರಿದ ಮೈಗೆ ಮತ್ತೆ ರಕ್ತ ಬರುತ್ತದೆಂದು ಎಲ್ಲರ ನಂಬಿಕೆ. ಈ ದಿನಗಳಲ್ಲಿ ಬಸ್ಸು, ಶಾಲೆ, ಮಸೀದಿ ಎಲ್ಲ ಒಂದೇ ವಾಸನೆ. "ನಮ್ಮೂರಲ್ಲಿ ಈಗ ಹೆಣ್ಣು ನೋಡೋಕೆ ಯಾರೂ ಹೋಗಲ್ಲ. ಹೋದ್ರೂ ಇಬ್ರೂ ತಿಂದಿರ್ತಾರಲ್ಲ, ಯಾರಿಗೂ ಗೊತ್ತಾಗಲ್ಲ ಬಿಡಿ" ಎಂದು ಕೋಕಾ ನಗುತ್ತಾರೆ.

ತಿನ್ನುವವರಿಗೆ ನಗು. ಅಗೆಯುವವರ ಕೈ ನೋಡಬೇಕು. ಕಾಡಿನಿಂದ ತಂದ ಒಂದು ಚೀಲವನ್ನು ಸುಲಿಯಲು ಮನೆಯವರೆಲ್ಲ ಕೂತರೂ ಮಾರನೆಯ ಸಂಜೆಯಾಗುತ್ತದೆ. ಪ್ರತಿ ಗಡ್ಡೆಯ ಮೇಲೂ ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ ಒಂದು ಕಂದು ಪೊರೆ. ಅದನ್ನು ಉಗುರಿನಿಂದಲೇ ಬಿಡಿಸಬೇಕು. ರಸ ಉಗುರಿನ ಸಂದಿಗೆ ಇಳಿದು ಬೆರಳು ಕಪ್ಪಾಗುತ್ತದೆ, ತುದಿ ಬಿರಿಯುತ್ತದೆ. ಜರ್ಗಾನ್ ಅವರ ಹೆಬ್ಬೆರಳಿನ ಬಿರುಕು ಬೇಸಿಗೆಯಲ್ಲೂ ಮುಚ್ಚುವುದಿಲ್ಲ. ರಾಜಧಾನಿ ಗ್ರೋಜ್ನಿಯ ಹೋಟೆಲುಗಳಲ್ಲಿ ಇದೇ ಹೊಂಕ ಬಿಳಿ ಪಿಂಗಾಣಿಯಲ್ಲಿ, ಮೇಲೊಂದು ನಿಂಬೆ ಹೋಳು ಇಟ್ಟುಕೊಂಡು ಬರುತ್ತದೆ. ತಿನ್ನುವವರು 'ಅಜ್ಜಿಯ ಕಾಲದ ರುಚಿ' ಎಂದು ಕಣ್ಣು ಮುಚ್ಚುತ್ತಾರೆ. ಅಜ್ಜಿ ಇನ್ನೂ ಬದುಕಿದ್ದಾಳೆ, ಕಾಡಿನಲ್ಲಿ ಮೊಣಕಾಲೂರಿದ್ದಾಳೆ, ಮುಂದಿನ ಗಡ್ಡೆಗೆ ಕೈಹಾಕುವ ಮುಂಚೆ ಉಸಿರು ಬಿಗಿಹಿಡಿದಿದ್ದಾಳೆ ಎಂಬುದು ಆ ತಟ್ಟೆಯಲ್ಲಿ ಎಲ್ಲೂ ಕಾಣುವುದಿಲ್ಲ.

ಕಾಡಿಗೆ ಹೋಗುವುದು ತಪ್ಪಲಿ ಎಂದೇ ಜರ್ಗಾನ್ ಮನೆಯ ಹಿಂದೆ ಹೊಂಕ ಬೆಳೆಸಲು ಹೊರಟವರು. ಊರು ನಕ್ಕಿತ್ತು. ದೇವರು ಬಿಟ್ಟಿಯಾಗಿ ಬೆಳೆಸಿದ್ದನ್ನು ಯಾರಾದರೂ ಬೇಸಾಯ ಮಾಡುತ್ತಾರೆಯೇ? ಇನ್ನು ತೋಳಕ್ಕೂ ಕೊಟ್ಟಿಗೆ ಕಟ್ಟುತ್ತಾಳೆ ಎಂದು ಆಡಿಕೊಂಡರು. ಜರ್ಗಾನ್ ಕಾಡಿನ ಮಣ್ಣಿನ ಸಮೇತ ಗಡ್ಡೆಗಳನ್ನು ಹೊತ್ತು ತಂದು, ಹೊಳೆದಂಡೆಯ ಹಳೇ ಮರಗಳ ನೆರಳಿನಲ್ಲಿ ನೆಟ್ಟರು. ಬೀಜವನ್ನೂ ಚೆಲ್ಲಿದರು. ಬೀಜದಿಂದ ಬಂದ ಗಿಡ ಮೊದಲ ವರ್ಷ ಕೊಡುವುದು ಕೂದಲಿನಂಥ ಒಂದೇ ಒಂದು ಎಲೆ. ಅಗೆಯುವಷ್ಟು ದಪ್ಪವಾಗಲು ಹುಟ್ಟಿದ ಮಗು ಶಾಲೆ ಸೇರುವಷ್ಟು ಕಾಲ ಬೇಕು. ಉದುರಿದ ಎಲೆಗಳನ್ನು ಗುಡಿಸದೆ ಹಾಗೇ ಬಿಟ್ಟು, ಕೋಳಿಗಳನ್ನು ಓಡಿಸಿ, ಗುಂಪಿನಲ್ಲಿ ಒಂದನ್ನು ಕಿತ್ತರೆ ಉಳಿದದ್ದನ್ನು ಮುಟ್ಟದೆ ಅವರು ಕಾದರು. ಆಡಿಕೊಂಡವರೇ ಆಮೇಲೆ ಗಡ್ಡೆ ಕೇಳಿಕೊಂಡು ಬಂದರು.

ಎರಡು ವರ್ಷದ ಕೆಳಗೆ ಮೇಲಿನ ಜಲಪಾತಕ್ಕೆ ಪ್ರವಾಸಿಗರ ರಸ್ತೆ ಬಂತು. ಅಗಲ ಮಾಡಲು ಹೊಳೆದಂಡೆಯ ಮರಗಳನ್ನು ಉರುಳಿಸಿದರು. ಕೇಳುವುದಿರಲಿ, ಹೇಳಲೂ ಯಾರೂ ಬರಲಿಲ್ಲ. ನೆರಳು ಹೋದ ವಸಂತದಲ್ಲಿ ಜರ್ಗಾನ್ ಅವರ ಪಾತಿ ಏಪ್ರಿಲಿಗೇ ಹಳದಿಯಾಗಿ ನೆಲಕ್ಕೆ ಒರಗಿತು. ಈ ವರ್ಷ ಉಳಿದಿರುವುದು ಗೋಡೆಯ ನೆರಳು ಬೀಳುವಷ್ಟು ಅಗಲದ ಒಂದು ಪಟ್ಟಿ. ಪ್ರವಾಸಿಗರು ಅದೇ ರಸ್ತೆಯಲ್ಲಿ ಕಾರು ನಿಲ್ಲಿಸಿ, ಬೇಲಿಯಾಚೆಯಿಂದ ಪಾತಿಯ ಫೋಟೋ ತೆಗೆದುಕೊಂಡು ಹೋಗುತ್ತಾರೆ.

"ಸೊಸೆ ಬರೋ ಹೊತ್ತಿಗೆ ಕಾಡು ಮನೆ ಹಿಂದೇನೇ ಇರುತ್ತೆ ಅಂದ್ಕೊಂಡಿದ್ದೆ" ಎನ್ನುತ್ತಾರೆ ಜರ್ಗಾನ್. "ಮರ ಕಡಿದೋರು ಪುಣ್ಯಾತ್ಮರು. ನನ್ನ ಸೊಸೇನ ಕಾಡಿಗೆ ಕಳಿಸಿದ್ರು."

ಮಗ ಸುಲಿಮ್ ಕೆಳಗಿನ ಪೇಟೆಯಲ್ಲಿ ವೆಲ್ಡಿಂಗ್ ಮಾಡುತ್ತಾನೆ. ಚಳಿಗಾಲದಲ್ಲಿ ಕೆಲಸ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಜರ್ಗಾನ್ ಅವರ ಮೊಣಕಾಲು ಒಂದು ಚೀಲ ತುಂಬುವ ಹೊತ್ತಿಗೆ ಊದಿಕೊಳ್ಳುತ್ತದೆ. ಯಾಖಿತಾ ಕಾಡಿಗೆ ಹತ್ತದೆ ಬೇರೆ ದಾರಿಯಿಲ್ಲ. ಹತ್ತಲಿ, ಆದರೆ ಕೂಗುವ ಬಾಯಿಟ್ಟುಕೊಂಡು ಹತ್ತಲಿ ಎಂಬುದು ಜರ್ಗಾನ್ ಅವರ ಹಟ.

ಆ ಹಟಕ್ಕೆ ಕಾರಣ ಈ ಊರಿನಲ್ಲಿ ಎಲ್ಲರಿಗೂ ಗೊತ್ತು. ಮದುವೆಯಾಗಿ ಬಂದ ಹೆಣ್ಣು ಮನೆಯ ಹಿರಿಯನ ಎದುರು ಬಾಯಿ ತೆರೆಯುವುದಿಲ್ಲ. ಹಿರಿಯ ಒಂದು ದಿನ ಅವಳಿಂದ ನೀರು ಕೇಳುತ್ತಾನೆ, ಅವಳು ಲೋಟ ಕೊಟ್ಟು "ಕುಡಿಯಿರಿ" ಎನ್ನುತ್ತಾಳೆ. ಅಲ್ಲಿಗೆ ನಾಲಿಗೆ ಬಿಚ್ಚಿದಂತೆ. ಬೇರೆ ಮನೆಗಳಲ್ಲಿ ಮದುವೆಯ ದಿನವೇ ನಗೆಯಾಟದಲ್ಲಿ ಮುಗಿದುಹೋಗುವ ಶಾಸ್ತ್ರ. ಈ ಮನೆಯ ಗಂಡಸರಿಗೆ ಮಾತ್ರ ಅದನ್ನು ವರ್ಷಗಟ್ಟಲೆ ಎಳೆಯುವುದೇ ಒಂದು ದೊಡ್ಡಸ್ತಿಕೆ. ಜರ್ಗಾನ್ ಇಬ್ಬರು ಮಕ್ಕಳ ತಾಯಿಯಾದರೂ ಅವರ ಮಾವ ನೀರು ಕೇಳಿರಲಿಲ್ಲ.

ಎರಡನೆಯ ಚೆಚೆನ್ ಯುದ್ಧದ ಫಿರಂಗಿಗಳು ತಣ್ಣಗಾದ ಚಳಿಗಾಲ. ಮನೆಯಲ್ಲಿ ಹಿಟ್ಟಿಲ್ಲ. ಮಾವ ಮುಂದೆ, ಸೊಸೆ ಹಿಂದೆ, ಇದೇ ಕಾಡಿಗೆ ಹೊಂಕ ಅಗೆಯಲು ಹೋದರು. ಎರಡು ಮರಗಳ ನಡುವೆ, ಮೊಣಕಾಲಿಗಿಂತ ಕೆಳಗೆ, ಹಿಮದ ಹನಿ ಸಾಲಾಗಿ ಹೊಳೆದದ್ದು ಜರ್ಗಾನ್ ಅವರ ಕಣ್ಣಿಗೆ ಬಿತ್ತು. ನೆಲಬಾಂಬಿಗೆ ಕಟ್ಟಿದ ತಂತಿ. ಮಾವ ಅದರತ್ತ ನಡೆಯುತ್ತಿದ್ದರು.

"ನಾನು ಕೂಗಲಿಲ್ಲ. ಓಡಿದೆ" ಎನ್ನುತ್ತಾರೆ ಜರ್ಗಾನ್. "ಅಂಗಿ ತುದಿ ಹಿಡಿದು ಎಳೆಯೋಣ ಅಂತ ಓಡಿದೆ. ಕೂಗ್ಬೇಕು ಅಂತ ತಲೆಗೆ ಹೊಳೀಲೇ ಇಲ್ಲ ಕಣ್ರೀ. ಕೈ ಇಲ್ದೋನಿಗೆ ಕೈ ಬೀಸಬೇಕು ಅಂತ ಹೊಳೆಯುತ್ತಾ? ಹಂಗೆ. ಅವರ ಮುಂದೆ ನನಗೆ ಬಾಯೇ ಇರ್ಲಿಲ್ಲ."

ಜರ್ಗಾನ್ ಅವರ ಕೈ ತಲುಪುವ ಮೊದಲೇ ಮಾವನ ಕಾಲು ತಂತಿಗೆ ತಗುಲಿ ಬಾಂಬು ಸಿಡಿಯಿತು. ಮಾವನನ್ನು ಕಂಬಳಿಯ ಮೇಲೆ ಎಳೆದುಕೊಂಡು ಕೆಳಗೆ ತರುವಾಗ ದಾರಿಯಲ್ಲಿ ಅವರು ನೀರು ಕೇಳಿದರು. ನೀರಿರಲಿಲ್ಲ. ಜರ್ಗಾನ್ ಬೊಗಸೆಯಲ್ಲಿ ಹಿಮ ಕರಗಿಸಿ ತುಟಿಗೆ ಹಿಡಿದು, "ಕುಡಿಯಿರಿ" ಎಂದರು. ಮಾವನ ಎದುರು ಅವರು ಆಡಿದ ಮೊದಲ ಮಾತು ಅದು. ಊರು ಮುಟ್ಟುವ ಮೊದಲೇ ಮುದುಕ ತೀರಿಕೊಂಡರು. ಅವರು ಶಾಸ್ತ್ರಕ್ಕೆ ಕೇಳಿದರೋ ಬಾಯಾರಿಕೆಗೆ ಕೇಳಿದರೋ ಜರ್ಗಾನ್ ಅವರಿಗೆ ಇವತ್ತಿಗೂ ತಿಳಿಯದು. ಆ ಮಾವನ ಹೆಸರು ಈ ಬರಹದಲ್ಲಿಲ್ಲ. ಜರ್ಗಾನ್ ಅದನ್ನು ಈಗಲೂ ಬಾಯಲ್ಲಿ ತರುವುದಿಲ್ಲ.

ಸಾವಿನ ಮನೆಗೆ ಬಂದ ಹೆಂಗಸರು ಜರ್ಗಾನ್ ಅವರನ್ನು ತಬ್ಬಿಕೊಂಡು ಹೊಗಳಿದರು. ಎಂಥ ಸೊಸೆ! ಜೀವ ಹೋಗುವ ಹೊತ್ತಿನಲ್ಲೂ ಮರ್ಯಾದೆ ಮೀರಲಿಲ್ಲವಲ್ಲ ಎಂದರು. ತಮ್ಮ ಹೆಣ್ಣುಮಕ್ಕಳಿಗೆ ತೋರಿಸಿ ಹೇಳಿದರು. "ಬೈದಿದ್ರೆ ಅತ್ತು ಮರೀತಿದ್ದೆ. ಹೊಗಳಿದ್ರಲ್ಲ, ಅದು ಇನ್ನೂ ಸುಡುತ್ತೆ" ಎನ್ನುತ್ತಾರೆ ಅವರು. ತಂತಿ ಕಟ್ಟಿದವರನ್ನು ಯಾರೂ ಕೇಳಲಿಲ್ಲ. ನಾಲಿಗೆ ಕಟ್ಟಿದವರನ್ನೂ ಯಾರೂ ಕೇಳಲಿಲ್ಲ. ಎರಡರ ನಡುವೆ ಒಬ್ಬ ಮುದುಕ ಸತ್ತ, ಬದುಕಿದವಳಿಗೆ ಒಳ್ಳೆಯ ಸೊಸೆ ಎಂಬ ಬಿರುದು ಸಿಕ್ಕಿತು.

ಹೀಗಾಗಿ ಈ ವರ್ಷ ಮೊದಲ ಹಿಮ ಕರಗುತ್ತಿದ್ದ ಹಾಗೇ ಜರ್ಗಾನ್ ಭಾವನ ಎದುರು ನಿಂತರು. ಮಧ್ಯಾಹ್ನ, ಜಗಲಿಯಲ್ಲಿ ಎಲ್ಲರೂ ಸುಲಿಯುತ್ತ ಕೂತಿದ್ದಾಗ. ಯಾಖಿತಾ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದಳು.

"ದೊಡ್ಡವರೇ, ನಾಳೆಯಿಂದ ಹುಡುಗಿ ಕಾಡಿಗೆ ಬರ್ತಾಳೆ. ಅದಕ್ಕೆ ಮುಂಚೆ ಅವಳ ನಾಲಿಗೆ ಬಿಚ್ಚಿಬಿಡಿ."

"ಏನವಸರ?" ಜಕ್ರಿ ಗಡ್ಡೆಯಿಂದ ಕಣ್ಣೆತ್ತಲಿಲ್ಲ. "ಅವಳೇನು ರೇಡಿಯೋನಾ, ಗುಂಡಿ ತಿರುಗಿಸಿದ ತಕ್ಷಣ ಮಾತಾಡೋಕೆ?"

"ಕಾಡಲ್ಲಿ ಬಾಯಿ ಬೇಕು."

"ನಮ್ಮಮ್ಮ ನಾಕು ಹೆತ್ತ ಮೇಲೆ ನಮ್ಮಜ್ಜನ ಹತ್ರ ಮೊದಲ್ನೇ ಮಾತಾಡಿದ್ದು. ಕಜಾಕ್‌ಸ್ತಾನದ ಬಯಲಿಗೆ ದನ ತುಂಬಿದ ಹಂಗೆ ತುಂಬಿ ಬಿಸಾಕಿದ್ರಲ್ಲ, ಹುಲ್ಲು ಬೇಯಿಸಿ ತಿಂದ್ರಲ್ಲ, ಆಗ್ಲೂ ಬಿಟ್ಟಿಲ್ಲ."

"ನೀವು ಯಾವ್ದನ್ನೂ ಬಿಡ್ಬೇಡಿ. ಒಂದು ಲೋಟ ನೀರು ಕೇಳಿ, ಸಾಕು."

"ಕೇಳ್ಬಿಡೋ ಜಕ್ರಿ" ಎಂದು ಕೋಕಾ ಬಾಯಿ ಹಾಕಿದರು. ಅವರು ಇದೇ ಊರಿನ ಮಗಳು, ಜಕ್ರಿಯ ಓರಗೆ, ಹೆಸರು ಹಿಡಿದೇ ಕರೆಯುತ್ತಾರೆ. "ಬಾಯಾರಿಕೇನೇ ಆಗಲ್ವಾ ನಿಂಗೆ? ಒಂಟೆನಾ ನೀನು?"

"ನಿನ್ನ ನಾಲಿಗೆ ಬಿಚ್ಚಿದೋನು ಯಾರೋ, ಅವನು ಕೈಗೆ ಸಿಕ್ಕಿದ್ರೆ ವಲ್ಲಾಹಿ, ವಾಪಸ್ ಕಟ್ಟಿಸ್ತಿದ್ದೆ."

ಎಲ್ಲರೂ ನಕ್ಕರು, ಜರ್ಗಾನ್ ಒಬ್ಬರನ್ನು ಬಿಟ್ಟು. ಅವರು ಇಷ್ಟು ವರ್ಷ ಭಾವನಿಗೆ ಎದುರಾಡಿದವರಲ್ಲ. ಅಂದು ಆಡಿದರು: "ನಿಮ್ಮಪ್ಪ ಹೋಗಿದ್ದು ತಂತಿಯಿಂದ ಅಲ್ಲ. ನನ್ನ ಮರ್ಯಾದೆಯಿಂದ."

ಜಕ್ರಿ ಎದ್ದು ಒಳಗೆ ಹೋದರು. ಮಾರನೆಯ ಬೆಳಿಗ್ಗೆ ಮೇಕೆಯ ಗಂಟೆ ತಂದು ಹೊಸ್ತಿಲ ಮೇಲಿಟ್ಟರು. ಅದು ಅವರ ಕೊನೆಯ ಮಾತು. ಮನುಷ್ಯ ಕೆಟ್ಟವರಲ್ಲ. ಸೊಸೆ ಎಲ್ಲಿದ್ದಾಳೆಂದು ತಿಳಿಯುತ್ತಿರಲಿ ಎಂಬ ಕಾಳಜಿಯಿಂದಲೇ ತಂದದ್ದು. ಹುಟ್ಟಿದ್ದು, ಸರ್ಕಾರ ಇಡೀ ಚೆಚೆನ್ ಜನರನ್ನು ಗಡಿಪಾರು ಮಾಡಿ ತಳ್ಳಿದ ಆ ಬಯಲಿನಲ್ಲಿ. ಮರಳಿ ಬಂದು ಕಟ್ಟಿದ ಮನೆ ಎರಡು ಸಲ ಸುಟ್ಟಿತು. ತಮ್ಮ, ಅಂದರೆ ಜರ್ಗಾನ್ ಅವರ ಗಂಡ, ಹೋದ, ಅಪ್ಪ ಹೋದ. ಯಾವ ಕಚೇರಿಯಲ್ಲೂ ಅವರ ಮಾತು ನಡೆಯುವುದಿಲ್ಲ. ನಡೆಯುವುದು ಈ ಒಂದು ಹೊಸ್ತಿಲೊಳಗೆ, ಈ ಒಬ್ಬ ಹುಡುಗಿಯ ಬಾಯಿಯ ಮೇಲೆ. ಎಲ್ಲ ಕಡೆ ಸೋತ ಗಂಡಸು ಕೊನೆಗೆ ಗೆಲ್ಲಲು ಮನೆಯೊಳಗೊಂದು ಹೆಣ್ಣನ್ನು ಹುಡುಕುತ್ತಾನೆ. ಇದನ್ನು ಸಂಸ್ಕೃತಿ ಎಂದು ಕರೆಯುವವರು ಒಂದು ದಿನ ಆ ಗಂಟೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಇಳಿಜಾರು ಹತ್ತಬೇಕು.

"ಅತ್ತೆ, ಇದನ್ನ ಕಟ್ಕೊಂಡ್ರೆ ನನ್ನನ್ನ ಸಂತೆಗೆ ಹೊಡ್ಕೊಂಡು ಹೋಗ್ತಿರೋ ಹಂಗಿದೆ" ಎಂದು ಯಾಖಿತಾ ಅಡುಗೆಮನೆಯಲ್ಲಿ ಪಿಸುಗುಟ್ಟಿ ನಕ್ಕಿದ್ದಳಂತೆ. ಜರ್ಗಾನ್ ನಗಲಿಲ್ಲ. ಸೊಸೆಯ ಕೆನ್ನೆ ಹಿಡಿದು ಹೇಳಿದರು: "ಗಂಟೆ ನೀನೆಲ್ಲಿದ್ದೀಯ ಅಂತ ಹೇಳುತ್ತೆ. ನೀನೇನು ನೋಡ್ದೆ ಅಂತ ಹೇಳಲ್ಲ. ನೋಡಿದ್ರೆ ಕೂಗು. ಆಮೇಲೆ ಏನಾದ್ರೂ ಆಗ್ಲಿ, ನಾನಿದ್ದೀನಿ."

ಹೊತ್ತು ಏರಿದೆ. ಎಳೆ ಬಿಸಿಲು ಮರಗಳ ನಡುವಿನಿಂದ ಓರೆಯಾಗಿ ಇಳಿಯುತ್ತಿದೆ. ಜಕ್ರಿ ಎಂದಿನ ಕಾಲುದಾರಿ ಬಿಟ್ಟು, ಬಲಕ್ಕೆ, ಹೊಂಕ ದಟ್ಟವಾಗಿ ಎದ್ದಿರುವ ಒಂದು ತಗ್ಗಿನ ಕಡೆ ಹೆಜ್ಜೆ ಹಾಕುತ್ತಾರೆ. ಅಷ್ಟು ಒತ್ತಾದ ಹಸಿರು ಕಂಡರೆ ಯಾರ ಕಾಲಾದರೂ ಅತ್ತ ತಿರುಗುತ್ತದೆ. ಜರ್ಗಾನ್ ಬೆನ್ನು ಹಾಕಿ ಅಗೆಯುತ್ತಿದ್ದಾರೆ. ಕೋಕಾ ಪೊದೆಯ ಆಚೆ. ಕೆಳಗಿನಿಂದ ಹತ್ತಿ ಬರುತ್ತಿದ್ದ ಯಾಖಿತಾ ಒಬ್ಬಳಿಗೇ ಆ ತಗ್ಗು ಪೂರ್ತಿ ಕಾಣುತ್ತದೆ.

ಗಂಟೆ ಒಮ್ಮೆ ಜೋರಾಗಿ ಅಲುಗುತ್ತದೆ. ಜಕ್ರಿ ತಿರುಗಿಯೂ ನೋಡುವುದಿಲ್ಲ. ಮತ್ತೆ ಅಲುಗುತ್ತದೆ. ಆಮೇಲೆ ಕಾಡು ಈವರೆಗೆ ಕೇಳದ ಒಂದು ದನಿ:

"ನಿಲ್ಲಿ! ದೊಡ್ಡವರೇ, ಕಾಲಿಡಬೇಡಿ! ತಂತಿ! ತಂತಿ ಇದೆ!"

ಜಕ್ರಿ ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ಇಡುತ್ತಾರೆ. ಅವರ ಮುಂದೆ ಎಲೆಗಳ ನಡುವಿನಿಂದ ಒಂದು ತುಕ್ಕು ಹಿಡಿದ ತಂತಿ ಅರ್ಧ ಎದ್ದು, ಅರ್ಧ ಮಣ್ಣಿನಲ್ಲಿ ಹೂತುಹೋಗಿದೆ. ಯಾರೂ ಅಲುಗುವುದಿಲ್ಲ. ಯಾಖಿತಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಾಳೆ, ಏನೋ ಒಡೆದುಹಾಕಿದವಳ ಹಾಗೆ. ಜಕ್ರಿ ತಾವು ಬಂದ ಹೆಜ್ಜೆಗುರುತಿನ ಮೇಲೆಯೇ ಒಂದೊಂದಾಗಿ ಕಾಲಿಟ್ಟು ದಾರಿಗೆ ಮರಳುತ್ತಾರೆ. ಸೊಸೆಯ ಪಕ್ಕದಲ್ಲೇ ಹಾದುಹೋಗುತ್ತಾರೆ. ಅವಳ ಕಡೆ ನೋಡುವುದಿಲ್ಲ. "ಹಳೇ ಬೇಲಿ ತಂತಿ ಅದು" ಎಂದು ಯಾರಿಗೂ ಅಲ್ಲವೆಂಬಂತೆ ಹೇಳಿ, ಕೋಲು ಊರಿಕೊಂಡು ಮನೆಯ ದಾರಿ ಹಿಡಿಯುತ್ತಾರೆ.

"ಬೇಲಿ ತಂತೀನೇ ಆಗಿರ್ಲಿ, ದೇವ್ರೇ" ಎನ್ನುತ್ತಾರೆ ಜರ್ಗಾನ್. ತಲೆಯ ವಸ್ತ್ರ ಬಿಚ್ಚಿ, ತಗ್ಗಿನ ಅಂಚಿನ ಕೊಂಬೆಗೆ ಕಟ್ಟುತ್ತಾರೆ. ಆಮೇಲೆ ಸೊಸೆಯ ಸೊಂಟದಿಂದ ಗಂಟೆ ಬಿಚ್ಚುತ್ತಾರೆ.

ಮಾರನೆಯ ದಿನ ಜರ್ಗಾನ್ ಮತ್ತು ಕೋಕಾ ಪೇಟೆಯ ಕಚೇರಿಗೆ ಹೋಗಿ ಬಂದರು. ಆ ಗುಡ್ಡದ ನೆಲಬಾಂಬುಗಳನ್ನು ತೆಗೆದಾಗಿದೆ, ನಕ್ಷೆಯಲ್ಲಿ ಹಸಿರು ಬಳಿದಾಗಿದೆ ಎಂದು ಅಲ್ಲಿದ್ದ ಯುವಕ ಸಮಾಧಾನವಾಗಿಯೇ ಹೇಳಿದ. ತೆಗೆದಾದ ಜಾಗಕ್ಕೆ ತೆಗೆಯುವವರನ್ನು ಮತ್ತೆ ಕಳಿಸುವುದು ಹೇಗೆ?

"ಹಂಗಾದ್ರೆ ನೀನೇ ಬಾರಪ್ಪ" ಎಂದರಂತೆ ಕೋಕಾ. "ರೊಟ್ಟಿ ಬೆಣ್ಣೆ ಕಟ್ಕೊಂಡು ಬರ್ತೀವಿ, ಸುತ್ತಾಡ್ಕೊಂಡು ಬರೋಣ. ಮುಂದೆ ನೀನು ನಡಿ, ಹಿಂದೆ ನಾವು."

ಯುವಕ ನಕ್ಕ. ಬರಲಿಲ್ಲ. ಈವರೆಗೆ ಯಾರೂ ಬಂದಿಲ್ಲ. ಕೊಂಬೆಗೆ ಕಟ್ಟಿದ ಬಟ್ಟೆ ಮಳೆಗೆ ಬಣ್ಣ ಬಿಡುತ್ತಿದೆ. ಆ ತಗ್ಗಿನ ಹೊಂಕ ಯಾರೂ ಕೀಳದೆ ಮೊಣಕಾಲೆತ್ತರ ಬೆಳೆದು, ಬಿಳಿ ಹೂ ಬಿಟ್ಟು ನಿಂತಿದೆ. ಈ ಸೀಮೆಯಲ್ಲಿ ಅಷ್ಟು ಚೆಂದದ ಪಾತಿ ಇನ್ನೊಂದಿಲ್ಲ.

ಜಕ್ರಿ ಅಂದಿನಿಂದ ಕಾಡಿಗೆ ಬರುತ್ತಿಲ್ಲ. ಯಾಖಿತಾಳ ಕೈಯಿಂದ ಚಹಾ ತೆಗೆದುಕೊಳ್ಳುವುದಿಲ್ಲ. ಅವಳು ಲೋಟ ಇಟ್ಟು ಹೋದ ಮೇಲೆ, ಆರಿದ ಮೇಲೆ, ತಾವಾಗಿ ಎತ್ತಿಕೊಂಡು ಕುಡಿಯುತ್ತಾರೆ. ನೀರನ್ನು ತಾವೇ ಕೊಡದಿಂದ ಬಗ್ಗಿಸಿಕೊಳ್ಳುತ್ತಾರೆ. ಸೊಸೆ ಅಡುಗೆಮನೆಯಲ್ಲಿ ಅತ್ತದ್ದೂ ಇದೆ. ತವರಿನವರ ಕಿವಿಗೂ ಸುದ್ದಿ ಬಿದ್ದು, ಮಗಳನ್ನು ಹೀಗೇ ಬೆಳೆಸಿದೆವಾ ಎಂದು ಅವಳ ತಾಯಿ ಫೋನಿನಲ್ಲಿ ನೊಂದುಕೊಂಡರಂತೆ. ಊರಿನ ಹೆಂಗಸರು ಈ ಸಲ ಯಾರನ್ನೂ ತಬ್ಬಿಕೊಳ್ಳಲಿಲ್ಲ, ಯಾರನ್ನೂ ಹೊಗಳಲಿಲ್ಲ. ಹಿರಿಯನ ಮೇಲೆ ಕೂಗಿದ ಸೊಸೆ ಎಂದು ಬಾವಿಕಟ್ಟೆಯ ಬಳಿ ಪಿಸುಮಾತು. ಬದುಕಿಸಿದ್ದಕ್ಕೆ ಸಿಗುವ ಬಹುಮಾನ ಇಷ್ಟೇ.

ಹೊಂಕದ ಕಾಲ ಮುಗಿಯುತ್ತ ಬಂದಿದೆ. ಎಲೆಗಳು ಅಗಲವಾಗಿ ಗಡ್ಡೆ ಸೊರಗುತ್ತಿದೆ. ಈ ವರ್ಷದ ಕೊನೆಯ ಚೀಲವನ್ನು ಜರ್ಗಾನ್ ಜಗಲಿಯಲ್ಲಿ ಸುರಿದುಕೊಂಡು ಕೂತಿದ್ದಾರೆ. ಅಂಗಳದ ಆ ತುದಿಯ ಬೆಂಚಿನ ಮೇಲೆ ಜಕ್ರಿ, ಮನೆಗೆ ಬೆನ್ನು ಹಾಕಿ. ಯಾಖಿತಾ ಗಟ್ಟಿಮುಟ್ಟಾದ ಒಂದಿಷ್ಟು ಗಡ್ಡೆಗಳನ್ನು ಸುಲಿಯದೆ ಬೇರೆ ತೆಗೆದಿಡುತ್ತಿದ್ದಾಳೆ. ಗೋಡೆಯ ನೆರಳಿನಲ್ಲಿ ನೆಡಲು. ಮರ ಮತ್ತೆ ಬೆಳೆಯುವವರೆಗೆ ಗೋಡೆಯೇ ಆಗಬೇಕು. ತನಗೆ ಮಗಳು ಹುಟ್ಟಿದರೆ ಅವಳು ಅಂಗಳ ದಾಟದೆ ಹೊಂಕ ಕೀಳುವಂತಾಗಲಿ ಎಂಬುದು ಅವಳ ಆಸೆ. ಜರ್ಗಾನ್ ಅವರದೂ ಅದೇ.

"ದೊಡ್ಡವರು ಎಷ್ಟು ದಿನ ಹೀಗೇ?" ಎಂದು ಕೇಳಿದರೆ ಜರ್ಗಾನ್ ಬೆಂಚಿನ ಕಡೆ ನೋಡುತ್ತಾರೆ. ಕಪ್ಪಾದ ಹೆಬ್ಬೆರಳಿನಿಂದ ಪೊರೆ ಬಿಡಿಸುತ್ತ ಹೇಳುತ್ತಾರೆ:

"ಸಿಟ್ಟು ಮಾಡ್ಕೊಂಡು ಕೂತಿದ್ದಾರೆ. ಕೂತಿರ್ಲಿ ಬಿಡಿ. ಅವರಪ್ಪನಿಗೆ ನನ್ನ ಮೇಲೆ ಸಿಟ್ಟು ಮಾಡ್ಕೊಳ್ಳೋಕೂ ಆಗ್ಲಿಲ್ಲ."